ಹಿಮಗಿರಿಯ ತಪ್ಪಲಲ್ಲಿ ಒಂದು ಕರಿಹಲಗೆ

ಟಾಂಜಾನಿಯದ ಕಿಲಿಮಂಜಾರೋ ಪರ್ವತದ ದಕ್ಷಿಣದ ತಪ್ಪಲಿನಲ್ಲಿ, ಮೋಶಿ ಪಟ್ಟಣದಿಂದ ಬಾಳೆಯ ತೋಟಗಳ ನಡುವೆ ಬಳಸಿ ಬಳಸಿ ಏರುವ ಕೆಮ್ಮಣ್ಣಿನ ದಾರಿಯ ಕೊನೆಯಲ್ಲಿದ್ದ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ಗಣಿತವನ್ನೂ ಭೌತಶಾಸ್ತ್ರವನ್ನೂ ಕಲಿಸುವ ಸ್ವಯಂಸೇವಕನಾಗಿ ನಾನು ಹೋಗಿ ಸೇರಿದ ದಿನ, ಅಲ್ಲಿಯ ಮುಖ್ಯೋಪಾಧ್ಯಾಯರು ನನ್ನನ್ನು ಆದರದಿಂದ ಬರಮಾಡಿಕೊಂಡು, ಮರುದಿನ ‘ಸಾ ಮೋಜ’ಕ್ಕೆ, ಎಂದರೆ ಒಂದು ಗಂಟೆಗೆ, ಶಾಲೆಯಲ್ಲಿರಬೇಕೆಂದು ತಿಳಿಸಿದರು. ಕೆಲವೇ ದಿನಗಳ ಅವಸರದ ತರಬೇತಿಯಲ್ಲಿ ಸ್ವಾಹಿಲಿಯ ಎಣಿಕೆಯನ್ನು ಮಾತ್ರ ಕಲಿತಿದ್ದ ನಾನು ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಹೋಗಿ ನಿಂತಾಗ ಮಕ್ಕಳು ತಟ್ಟೆ ಹಿಡಿದು ಊಟಕ್ಕೆ ಸಾಲುಗಟ್ಟುತ್ತಿದ್ದರು. ನನಗೆಂದು ಮೀಸಲಿಟ್ಟಿದ್ದ ಬೆಳಗಿನ ಎರಡು ಅವಧಿಗಳು ಪಾಠವಿಲ್ಲದೆ ಕಳೆದುಹೋಗಿದ್ದವು. ಸ್ವಾಹಿಲಿಯವರು ಹೊತ್ತನ್ನು ಎಣಿಸುವುದು ಹಗಲು ಹುಟ್ಟಿದಲ್ಲಿಂದ. ನಾವು ಬೆಳಗಿನ ಏಳೆನ್ನುವುದು ಅವರಿಗೆ ಒಂದು ಗಂಟೆ. ನಮ್ಮ ಮಧ್ಯಾಹ್ನದ ಒಂದು ಅವರ ಏಳು. ಭೂಮಧ್ಯರೇಖೆಗೆ ಮೂರು ಡಿಗ್ರಿಗಳಷ್ಟು ಸಮೀಪದಲ್ಲಿರುವ ಆ ನಾಡಿನಲ್ಲಿ ಸೂರ್ಯನು ವರ್ಷವಿಡೀ ಹೆಚ್ಚುಕಡಿಮೆ ಒಂದೇ ವೇಳೆಗೆ ಮೂಡುವನಾದುದರಿಂದ, ಅವನ ಉದಯದೊಡನೆ ಎಣಿಕೆಯನ್ನು ತೊಡಗುವುದಕ್ಕಿಂತ ಸಹಜವಾದುದು ಬೇರೊಂದಿಲ್ಲ. ನನ್ನ ಅಜ್ಜ ಯಲ್ಲಾಪುರದ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಪಂಚಾಂಗವನ್ನು ಮುಂದೆ ಹರಡಿಕೊಂಡು, ಸೂರ್ಯೋದಯಾದಿಯಾಗಿ ಇಷ್ಟು ಘಟಿ ಇಷ್ಟು ವಿಘಟಿ ಎಂದು ಲೆಕ್ಕಹಾಕುತ್ತಿದ್ದುದು ನನಗೆ ಅಲ್ಲಿ, ಅಷ್ಟು ದೂರದಲ್ಲಿ, ಮೊದಲ ಬಾರಿಗೆ ಅರ್ಥವುಳ್ಳ ಮಾತಾಗಿ ಕೇಳಿಸಿತು. ಶಾಲೆಯಲ್ಲಿ ಗಡಿಯಾರದ ಪಾಠ ಕಲಿತ ಮೇಲೆ ಅಜ್ಜನ ಲೆಕ್ಕವನ್ನು ನಾನು ಹಳೆಯ ಕಾಲದ್ದೆಂದು ಬದಿಗಿರಿಸಿದ್ದೆನು.

ಪರದೇಶದಲ್ಲಿ ಉಪಾಧ್ಯಾಯನಾಗಿ ಕಳೆದ ಆ ಎರಡು ವರ್ಷಗಳಲ್ಲಿ ಹೀಗೆ ನಾನು ಕಲಿಸಲು ಹೋದದ್ದಕ್ಕಿಂತ ಮೊದಲು ಕಲಿಯಬೇಕಾಗಿ ಬಂದದ್ದೇ ಹೆಚ್ಚು. ಸ್ವಯಂಸೇವೆಗೆ ಸ್ವಾಹಿಲಿಯಲ್ಲಿ ‘ಕುಜಿತೊಲೆಯ’ ಎನ್ನುತ್ತಾರೆ; ತನ್ನನ್ನು ತಾನು ತೆಗೆದು ಕೊಡುವುದು ಎಂದು ಆ ಪದದ ಕಟ್ಟು. ಅಷ್ಟು ದೊಡ್ಡ ಮಾತಿಗೆ ತಕ್ಕವನೆಂದು ನನ್ನನ್ನು ನಾನು ಎಣಿಸಿಕೊಂಡವನಲ್ಲ. ನನಗೆ ಊಟ ವಸತಿಗಳಿಗೆ ಸಾಲುವಷ್ಟು ಭತ್ಯವಿತ್ತು; ಸಿಮೆಂಟು ನೆಲದ, ತಗಡಿನ ಮಾಡಿನ ಒಂದು ಕೋಣೆಯಿತ್ತು; ಇದ್ದಲಿನಿಂದ ಉರಿಯುವ ‘ಜಿಕೊ’ ಎಂಬ ಒಲೆ, ಎರಡು ಪಾತ್ರೆ, ನೀರಿಗೆ ಹಳದಿಯ ಎರಡು ಪ್ಲಾಸ್ಟಿಕ್ ಡಬ್ಬಿಗಳಿದ್ದುವು. ಕೋಣೆಯ ಬಾಗಿಲು ಉತ್ತರಕ್ಕೆ ತೆರೆಯುತ್ತಿದ್ದಿತಾದುದರಿಂದ, ಮೋಡ ಕವಿಯುವುದಕ್ಕೆ ಮುಂಚಿನ ಬೆಳಗಿನಲ್ಲಿ ಹಲ್ಲುಜ್ಜುತ್ತ ನಿಂತವನಿಗೆ 5,895 ಮೀಟರು ಎತ್ತರದ ಕಿಬೋ ಶಿಖರದ ಹಿಮ ಎದುರಿಗೆ ಹೊಳೆಯುತ್ತಿತ್ತು. ಅದನ್ನು ಪ್ರತಿದಿನ ನೋಡಿದೆನು. ಒಂದು ದಿನವೂ ಅದು ನನಗೆ ಅಭ್ಯಾಸವಾಗಲಿಲ್ಲ.

ಶಾಲೆಯ ದಿನ ಮೊದಲಾಗುತ್ತಿದ್ದುದು ಪೊರಕೆಯಿಂದ. ಮಕ್ಕಳು ಮಂಜಿನಲ್ಲಿ ಮೂರು ನಾಲ್ಕು ಮೈಲಿ ಇಳಿದೋ ಏರಿಯೋ ಬಂದು, ತಮ್ಮ ತಮ್ಮ ಪಾಲಿನ ಅಂಗಳವನ್ನು ಗುಡಿಸಿ, ಹೂವಿನ ಪಾತಿಗಳಿಗೆ ನೀರೆರೆದು, ಅನಂತರ ಸಾಲಾಗಿ ನಿಂತು ರಾಷ್ಟ್ರಗೀತೆಯನ್ನು ಮೂರು ನಾಲ್ಕು ಸ್ವರಗಳಲ್ಲಿ ಬೇರೆ ಬೇರೆಯಾಗಿಯೂ ಒಂದಾಗಿಯೂ ಹಾಡುತ್ತಿದ್ದರು. ಯಾರೂ ಅವರಿಗೆ ಸ್ವರಗಳನ್ನು ಹಂಚಿಕೊಟ್ಟದ್ದನ್ನು ನಾನು ಕಾಣೆ. ಆ ಪೊರಕೆಯ ಹಿಂದೆ ಒಂದು ಚರಿತ್ರೆಯಿದೆ. ಸ್ವತಃ ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದು, ರಾಷ್ಟ್ರಾಧ್ಯಕ್ಷರಾದ ಮೇಲೆಯೂ ‘ಮ್ವಾಲಿಮು’, ಎಂದರೆ ಮೇಷ್ಟ್ರು, ಎಂದೇ ಜನರಿಂದ ಕರೆಯಿಸಿಕೊಂಡ ಜೂಲಿಯಸ್ ನೈರೇರೆಯವರು 1967ರಲ್ಲಿ ಸ್ವಾವಲಂಬನೆಗಾಗಿ ಶಿಕ್ಷಣವೆಂಬ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಶಾಲೆಯೆಂಬುದು ಹೊಲವನ್ನೂ ದುಡಿಮೆಯನ್ನೂ ಮರೆಯಿಸುವ ಸ್ಥಳವಾಗದೆ ಅವುಗಳ ನಡುವೆಯೇ ನಿಲ್ಲತಕ್ಕದ್ದೆಂದು ವಾದಿಸಿದರು. ಗಾಂಧೀಜಿಯವರ ನಯೀ ತಾಲೀಮಿನ ಓದುಗರಿಗೆ ಇದು ಅಪರಿಚಿತವಾದ ವಾದವಲ್ಲ. ನಮ್ಮ ಸರ್ಕಾರವು 1995ರಲ್ಲಿ ಗಾಂಧಿ ಶಾಂತಿ ಪ್ರಶಸ್ತಿಯನ್ನು ಸ್ಥಾಪಿಸಿದಾಗ ಅದು ಮೊದಲು ಸಂದದ್ದು ನೈರೇರೆಯವರಿಗೇ. ಅವರ ಆರ್ಥಿಕ ಪ್ರಯೋಗಗಳ ಫಲಾಫಲಗಳನ್ನು ಕುರಿತು ಆ ದೇಶದವರೇ ಈಗಲೂ ಚರ್ಚಿಸುತ್ತಾರೆ. ಮ್ವಾಲಿಮು ಎಂಬ ಶಬ್ದಕ್ಕೆ ಅವರಿಂದ ಬಂದ ಗೌರವ ಮಾತ್ರ ಉಳಿದುಕೊಂಡಿದೆ. ಏನೂ ಮಾಡದ ನನಗೂ ಅದರ ಒಂದು ಪಾಲು ದೊರೆಯಿತು. ಸಂತೆಯಲ್ಲಿ ತರಕಾರಿ ಮಾರುವ ಹೆಂಗಸು, ಡಾಲಡಾಲ ಎಂಬ ಬಾಡಿಗೆ ವ್ಯಾನಿನ ಹುಡುಗ, ಎಲ್ಲರೂ ನನ್ನನ್ನು ಮ್ವಾಲಿಮು ಎಂದೇ ಕರೆದರು. ಮಕ್ಕಳೋ ದಾರಿಯಲ್ಲಿ ಕಂಡಲ್ಲೆಲ್ಲ ತಲೆಬಾಗಿ ‘ಶಿಕಮೂ’ ಎನ್ನುವರು. ಕಾಲು ಹಿಡಿಯುತ್ತೇನೆ ಎಂಬುದು ಅದರ ಮೂಲದ ಅರ್ಥವೆಂದು ಹೇಳುತ್ತಾರೆ. ಹಿರಿಯನಾದವನು ಅದಕ್ಕೆ ‘ಮರಹಬ’ ಎಂದು ಒಪ್ಪಿಸಿಕೊಳ್ಳಬೇಕು.

ಮಾತುಗಳ ವಿಷಯ ಬಂದಿತಾದುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅರಬ್ಬಿಯರೂ ಪಾರಸಿಕರೂ ಭಾರತೀಯರೂ ಶತಮಾನಗಳ ಕಾಲ ಮಾನ್ಸೂನ್ ಗಾಳಿಯ ಬೆನ್ನೇರಿ ಹೋಗಿಬಂದ ಕರಾವಳಿಯಲ್ಲಿ ಬೆಳೆದ ಸ್ವಾಹಿಲಿಯು ಬಾಂಟು ಕುಲದ ನುಡಿ. ಅದರ ವ್ಯಾಕರಣ ನಮ್ಮದಕ್ಕೆ ತೀರ ದೂರ. ಆದರೂ ಮೊದಲ ವಾರದಲ್ಲಿಯೇ ತರಗತಿಯೊಳಗೆ ನನಗೆ ಪರಿಚಿತರು ಒಬ್ಬೊಬ್ಬರಾಗಿ ಎದುರಾದರು. ಮಕ್ಕಳು ಬರೆಯುವ ಪುಸ್ತಕ ‘ದಫ್ತರಿ’, ಲೇಖನಿ ‘ಕಲಮು’, ಗಣಿತ ‘ಹೆಸಾಬು’, ಸರ್ಕಾರ ‘ಸೆರಿಕಾಲಿ’, ವಕೀಲ ‘ವಕೀಲಿ’, ಲಕ್ಷ ‘ಲಕಿ’, ಕಡಲ ತೀರದ ಬಂದರು ‘ಬಂದರಿ’. ಪುಸ್ತಕಕ್ಕೆ ‘ಕಿತಾಬು’ ಎಂಬ ಅರಬ್ಬಿಯ ಮಾತನ್ನೇ ತೆಗೆದುಕೊಂಡರು. ಆದರೆ ‘ಕಿ’ ಎಂದು ಮೊದಲಾಗುವ ತಮ್ಮ ಪದಗಳು ಬಹುವಚನದಲ್ಲಿ ‘ವಿ’ ಎಂದಾಗುವುವಾದುದರಿಂದ ಅನೇಕ ಪುಸ್ತಕಗಳನ್ನು ‘ವಿತಾಬು’ ಎಂದರು. ಹೊರಗಿನಿಂದ ಬಂದವನಿಗೆ ಉಣ್ಣಲಿಟ್ಟು, ಹಾಗೆಯೇ ಮನೆಯ ಕಟ್ಟಳೆಯನ್ನೂ ಕಲಿಸುವ ಗೃಹಸ್ಥನ ನಡತೆ ಇದು. ನನ್ನ ವಿಷಯದಲ್ಲಿ ಆ ಊರಿನವರು ನಡೆದುಕೊಂಡದ್ದೂ ಹೀಗೆಯೇ. ಅತಿಥಿಯು ಎರಡು ದಿನ ಅತಿಥಿ, ಮೂರನೆಯ ದಿನ ಅವನ ಕೈಗೆ ಗುದ್ದಲಿ ಕೊಡು ಎಂದು ಅವರಲ್ಲಿ ಗಾದೆಯುಂಟು. ಮೂರನೆಯ ದಿನವೇ ನನ್ನ ಕೈಗೆ ವಾರಕ್ಕೆ 26 ಅವಧಿಗಳ ವೇಳಾಪಟ್ಟಿ ಬಂದಿತು.

ಇನ್ನು ನಾನು ಹೇಳಲೇಬೇಕೆಂದಿರುವ ವಿಷಯ. ನಾನಿದ್ದಾಗ ಟಾಂಜಾನಿಯದ ಸರ್ಕಾರಿ ಪ್ರಾಥಮಿಕ ಶಾಲೆಯ ಮಗು ಏಳು ವರ್ಷಗಳ ಕಾಲ ಎಲ್ಲವನ್ನೂ ಸ್ವಾಹಿಲಿಯಲ್ಲಿ ಕಲಿಯುತ್ತಿತ್ತು. ಇಂಗ್ಲಿಷು ಅಲ್ಲಿ ಒಂದು ಪಾಠಮಾತ್ರ. ಎಂಟನೆಯ ವರ್ಷ ಪ್ರೌಢಶಾಲೆಯ ಮೊದಲನೆಯ ‘ಫಾರಂ’ಗೆ ಕಾಲಿಟ್ಟೊಡನೆ ಗಣಿತ, ವಿಜ್ಞಾನ, ಭೂಗೋಳ, ಚರಿತ್ರೆಗಳೆಲ್ಲವೂ ಇಂಗ್ಲಿಷಿಗೆ ತಿರುಗುತ್ತಿದ್ದುವು. ಕಿಲಿಮಂಜಾರೋದ ಚಗ್ಗ ಮಕ್ಕಳಿಗೆ ಇದು ಎರಡನೆಯ ದಾಟು. ಅವರು ಮನೆಯಲ್ಲಿ ಆಡುವುದು, ಕಣಿವೆ ಕಣಿವೆಗೂ ಬೇರೆಯಾಗುವ ಚಗ್ಗ ನುಡಿಗಳನ್ನು. ನಮ್ಮ ಕರಾವಳಿಯ ತುಳು ಮನೆಯ ಮಗು ಕನ್ನಡ ಶಾಲೆಯನ್ನು ಹೊಕ್ಕು, ಅಲ್ಲಿಂದ ಇಂಗ್ಲಿಷಿನ ಕಾಲೇಜಿಗೆ ಎಸೆಯಲ್ಪಡುವಂತೆಯೇ ಇದು. ಪ್ರೌಢಶಾಲೆಯನ್ನೂ ಸ್ವಾಹಿಲಿಗೆ ತಿರುಗಿಸಬೇಕೆಂದು 1982ರಲ್ಲಿಯೇ ಅಧ್ಯಕ್ಷರ ಆಯೋಗವೊಂದು ಶಿಫಾರಸು ಮಾಡಿತ್ತು; ಸರ್ಕಾರ ಅದನ್ನು ಒಪ್ಪಲಿಲ್ಲ. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ಮತ್ತು ‘ವೆನಿಸಿನ ವರ್ತಕ’ ನಾಟಕಗಳನ್ನು ನೈರೇರೆಯವರೇ ಸ್ವಾಹಿಲಿಗೆ ತಂದು, ಆ ಭಾಷೆ ಏನನ್ನು ಹೊರಬಲ್ಲುದೆಂಬುದನ್ನು ತೋರಿಸಿದ್ದರೂ, ಅವರ ಕಾಲದಲ್ಲಿಯೂ ಪ್ರೌಢಶಾಲೆಯ ಕರಿಹಲಗೆ ಇಂಗ್ಲಿಷಿನದಾಗಿಯೇ ಉಳಿಯಿತು.

ನನ್ನ ಮೊದಲನೆಯ ಫಾರಂನಲ್ಲಿ 71 ಮಕ್ಕಳು. ನಾಲ್ವರಿಗೆ ಒಂದು ಪಠ್ಯಪುಸ್ತಕ. ನಾನು ಇಂಗ್ಲಿಷಿನಲ್ಲಿ ವಿವರಿಸಿ ‘ತಿಳಿಯಿತೆ?’ ಎಂದು ಕೇಳಿದರೆ ಎಪ್ಪತ್ತೊಂದು ಕಂಠಗಳೂ ಒಂದಾಗಿ ‘ತಿಳಿಯಿತು, ಸಾರ್’ ಎನ್ನುತ್ತಿದ್ದುವು. ಆ ಧ್ವನಿಯನ್ನು ನಾನು ಬಲ್ಲೆನು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಒಳ್ಳೆಯ ಅಂಕಗಳನ್ನು ಪಡೆದು, ಪಿ.ಯು.ಸಿ.ಗೆ ವಿಜ್ಞಾನವನ್ನು ತೆಗೆದುಕೊಂಡು ಊರು ಬಿಟ್ಟುಹೋದ ಹುಡುಗ ನಾನು. ಮೊದಲ ಮೂರು ತಿಂಗಳು ಕಾಲೇಜಿನ ಕೊನೆಯ ಬೆಂಚಿನಲ್ಲಿ ಕುಳಿತು, ಬಲ್ಲ ಸಂಗತಿಯೇ ಅಪರಿಚಿತವಾದ ಉಡುಪಿನಲ್ಲಿ ಎದುರು ಹಾದುಹೋಗುವುದನ್ನು ನೋಡುತ್ತ, ಗುರುತಿಸಲಾರದೆ, ‘ಎಸ್ ಸರ್’ ಎಂದವನು. ಇಷ್ಟನ್ನು ಅನುಭವಿಸಿದವನು ಆ ಮಕ್ಕಳ ಸಂಕಟವನ್ನು ಮೊದಲನೆಯ ದಿನವೇ ಕಂಡುಕೊಳ್ಳಬೇಕಾಗಿತ್ತು. ಕಂಡುಕೊಳ್ಳಲಿಲ್ಲ. ಹಲಗೆಯ ಈಚೆಗೆ ಬಂದು ನಿಂತವನಿಗೆ ಆಚೆಯ ನೆನಪು ಎಷ್ಟು ಬೇಗ ಮಾಸಿಹೋಗುತ್ತದೆಂಬುದು ನನಗೆ ಇಂದಿಗೂ ವ್ಯಥೆಯ ವಿಷಯ.

ನಡೆದದ್ದನ್ನು ಹೇಳುತ್ತೇನೆ. ಒತ್ತಡವೆಂದರೇನೆಂದು ಕಿರುಪರೀಕ್ಷೆಯಲ್ಲಿ ಕೇಳಿದ್ದೆನು. ಹಿಂದಿನ ಸಾಲಿನ ಹುಡುಗನೊಬ್ಬ ಪಠ್ಯಪುಸ್ತಕದ ವಾಕ್ಯವನ್ನು ಕಂಠಪಾಠ ಮಾಡಿ, ನಡುವೆ ಎರಡು ಪದಗಳನ್ನು ಬಿಟ್ಟು, ಉಳಿದುದನ್ನು ಅರ್ಥವಿಲ್ಲದ ಸರಪಳಿಯಾಗಿ ಬರೆದಿದ್ದನು. ಅರಿಯದೆ ಬಾಯಿಪಾಠ ಮಾಡುವುದು ಸುಳ್ಳು ಹೇಳಿದಂತೆಯೇ ಎಂದು ಎಲ್ಲರೆದುರು ಅವನನ್ನು ನಿಲ್ಲಿಸಿ ನಾನು ಗದರಿಸಿದೆನು. ಅವನು ತಲೆ ತಗ್ಗಿಸಿ ನಿಂತನು, ಉತ್ತರ ಕೊಡಲಿಲ್ಲ. ಆ ಶನಿವಾರ ಮೇಲಿನ ಊರಿಗೆ ನಡೆದು ಹೋಗುತ್ತಿದ್ದಾಗ, ಮಲೆಯ ಹಳ್ಳದಿಂದ ತೋಟಗಳಿಗೆ ನೀರು ತರುವ ಕಾಲುವೆಯ ಬದಿಯಲ್ಲಿ ಅದೇ ಹುಡುಗ ತನ್ನ ತಮ್ಮನ ಜೊತೆ ಕುಳಿತು ಗುದ್ದಲಿಯ ಬಾಯನ್ನು ಕಲ್ಲಿಗೆ ಮಸೆಯುತ್ತಿದ್ದನು. ಮಸೆಯುವುದೇಕೆಂದು ಚಿಕ್ಕವನು ಕೇಳಿರಬೇಕು. ದೊಡ್ಡವನು ಅಲಗಿನ ಮೇಲೆ ಬೆರಳಾಡಿಸಿ ತೋರಿಸುತ್ತ, ‘ಕನಿ ಇಲೆಇಲೆ, ಎನೆಯೊ ಡೊಗೊ’ ಎಂದನು. ಬಲ ಅದೇ, ಜಾಗ ಸಣ್ಣದು. ಸ್ವಾಹಿಲಿಯಲ್ಲಿ ಒತ್ತಡಕ್ಕೆ ‘ಕನಿಎನೆಯೊ’ ಎಂದು ಹೆಸರು: ಕನಿ ಎಂದರೆ ಬಲ, ಎನೆಯೊ ಎಂದರೆ ವಿಸ್ತೀರ್ಣ. ಲಕ್ಷಣವನ್ನು ಹೆಸರಿನಲ್ಲಿಯೇ ಹುದುಗಿಸಿಟ್ಟುಕೊಂಡಿರುವ ಆ ಪದವನ್ನು ಪ್ರಾಥಮಿಕ ಶಾಲೆಯಲ್ಲಿ ಕಲಿತು, ಅರಗಿಸಿಕೊಂಡು, ಗುದ್ದಲಿಯ ಬಾಯಿಗೆ ತಂದು ಕೂಡಿಸಿದ್ದ ಹುಡುಗನನ್ನು ನಾನು ಅರಿಯದವನೆಂದು ಕರೆದಿದ್ದೆನು.

ಈ ಸಂಗತಿಯನ್ನು ನನ್ನ ಸಹೋದ್ಯೋಗಿಯೊಬ್ಬರಿಗೆ, ಇಪ್ಪತ್ತು ವರ್ಷಗಳಿಂದ ಅದೇ ಶಾಲೆಯಲ್ಲಿ ಜೀವಶಾಸ್ತ್ರವನ್ನು ಕಲಿಸುತ್ತಿದ್ದ ಉಪಾಧ್ಯಾಯಿನಿಗೆ, ಹೇಳಿಕೊಂಡೆನು. ಅವರು ಸಮಾಧಾನದ ಮಾತೇನನ್ನೂ ಆಡದೆ, ಶಾಲೆಯ ಬೇಲಿಯ ‘ಮಸಾಲೆ’ ಗಿಡದಿಂದ ಉದ್ದನೆಯ ಹಸಿರೆಲೆಯೊಂದನ್ನು ಕಿತ್ತು ನನ್ನ ಕೈಗಿತ್ತರು. ಡ್ರಸೀನ ಜಾತಿಯ ಆ ಗಿಡ ಚಗ್ಗರಲ್ಲಿ ತೋಟದ ಗಡಿಯನ್ನು ಗುರುತಿಸುವುದಕ್ಕೂ ಪೂರ್ವಿಕರ ಸಮಾಧಿಯನ್ನು ಕಾಯುವುದಕ್ಕೂ ಒದಗುವ ಪವಿತ್ರ ಸಸ್ಯ; ತಪ್ಪು ಮಾಡಿದವನು ಅದರ ಎಲೆಯನ್ನು ಹಿಡಿದು ಬಂದು ಕ್ಷಮೆ ಬೇಡಿದರೆ ಅವನನ್ನು ಹಿಂದಕ್ಕೆ ಕಳುಹಿಸುವಂತಿಲ್ಲವೆಂಬುದು ಅವರ ಸಂಪ್ರದಾಯ. ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ ನಾನು ಆ ಹುಡುಗನ ಮನೆಗೆ ಹೋಗಿ, ಬಾಗಿಲಲ್ಲಿ ‘ಹೋಡಿ’ ಎಂದು ಕೂಗಿ, ‘ಕರಿಬು’ ಎಂಬ ಮರುದನಿಯನ್ನು ಕೇಳಿದ ಮೇಲೆ ಒಳಗೆ ಕಾಲಿಟ್ಟೆನು. ಎಲೆಯನ್ನು ತೆಗೆದುಕೊಂಡವಳು ಅಜ್ಜಿ. ಹುಡುಗ ಗೋಡೆಗೊರಗಿ ನಿಂತು, ನನ್ನ ಮುಖವನ್ನು ನೋಡದೆ, ನನ್ನ ಪಾದರಕ್ಷೆಗಳಿಗೆ ಮೆತ್ತಿದ್ದ ಕೆಸರನ್ನು ನೋಡುತ್ತಿದ್ದನು. ಸ್ವಲ್ಪ ಹೊತ್ತಿನ ಮೇಲೆ ಹೋಗಿ ಒಂದು ಚೆಂಬು ನೀರು ತಂದಿಟ್ಟನು.

ಆ ಮನೆ, ಆ ತೋಟ! ಚಗ್ಗರು ‘ಕಿಹಂಬ’ ಎಂದು ಕರೆಯುವ, ತಂದೆಯಿಂದ ಮಗನಿಗೆ ಇಳಿದುಬರುವ ಆ ತೋಟದಲ್ಲಿ ಎತ್ತರದ ಮರಗಳು ಮೇಲೆ, ಅವುಗಳ ಕೆಳಗೆ ಬಾಳೆ, ಬಾಳೆಯ ನೆರಳಲ್ಲಿ ಕಾಫಿ, ಕಾಫಿಯ ಬುಡದಲ್ಲಿ ಗೆಡ್ಡೆ ಸೊಪ್ಪುಗಳು, ಮೂಲೆಯ ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವ ಒಂದು ಹಸು, ಎಲ್ಲದರ ನಡುವೆ ಗುಳುಗುಳು ಹರಿಯುವ ‘ಮ್ಫೊಂಗೊ’ ಎಂಬ ಕಾಲುವೆ. ಅಡಕೆಯ ನೆರಳಿನಲ್ಲಿ ಬಾಳೆ, ಏಲಕ್ಕಿ, ಮೆಣಸಿನ ಬಳ್ಳಿಗಳನ್ನು ಬೆಳೆಸಿ, ಬೇಸಿಗೆಯಲ್ಲಿ ಹಳ್ಳದ ನೀರನ್ನು ಸರದಿಯಂತೆ ಹಂಚಿಕೊಳ್ಳುವ ಊರಿನಲ್ಲಿ ಹುಟ್ಟಿದ ನನಗೆ ಅಲ್ಲಿ ವಿವರಣೆಯೇ ಬೇಕಾಗಲಿಲ್ಲ. ಅಜ್ಜಿ ನನ್ನ ಮುಂದೆ ತಂದಿಟ್ಟದ್ದು, ಮೆಕ್ಕೆಜೋಳದ ಹಿಟ್ಟನ್ನು ಕುದಿವ ನೀರಿನಲ್ಲಿ ತಿರುವಿ ಗಟ್ಟಿಮಾಡಿದ ‘ಉಗಾಲಿ’ಯನ್ನೂ, ‘ಮ್ಚಿಚ’ದ ಪಲ್ಯವನ್ನೂ. ಮ್ಚಿಚ ನಮ್ಮ ಹರಿವೆ ಸೊಪ್ಪು. ಉಗಾಲಿಯನ್ನು ಬಲಗೈಯಲ್ಲಿ ಮುರಿದು, ಉಂಡೆಮಾಡಿ, ಸೊಪ್ಪಿಗೆ ಅದ್ದಿ ನಾನು ಉಣ್ಣುವುದನ್ನು ಅವಳು ಕಣ್ಣಿಟ್ಟು ನೋಡಿ, ನಿಮ್ಮಲ್ಲಿಯೂ ಹೀಗೆಯೇ ಉಣ್ಣುತ್ತಾರೆಯೇ ಎಂದು ಕೇಳಿದಳು. ಮೈಸೂರಿನಲ್ಲಿ ಓದುತ್ತಿದ್ದಾಗ ಉಂಡ ರಾಗಿಮುದ್ದೆಯನ್ನು ಕುರಿತು ನನಗೆ ಬಂದಷ್ಟು ಸ್ವಾಹಿಲಿಯಲ್ಲಿ ಹೇಳಿದೆನು. ಅವಳು ಒಳಗೆ ಹೋಗಿ ಮೊರದಲ್ಲಿ ಒಂದು ಹಿಡಿ ಧಾನ್ಯವನ್ನು ತಂದು ತೋರಿಸಿದಳು: ಕೆಂಪು, ಸಣ್ಣ, ಗುಂಡಗಿನ ಕಾಳು, ಅವರು ‘ಉಲೆಜಿ’ ಎನ್ನುವ ರಾಗಿಯೇ! ಮಕ್ಕಳ ಗಂಜಿಗೂ, ಬಾಳೆಹಣ್ಣಿನೊಡನೆ ಹುದುಗಿಸಿ ಹಬ್ಬ ಮದುವೆಗಳಲ್ಲಿ ಕುಡಿಯುವ ‘ಮ್ಬೆಗೆ’ಗೂ ಅದು ಬೇಕೇ ಬೇಕು. ರಾಗಿಯನ್ನು ಮನುಷ್ಯನು ಮೊದಲು ಬೇಸಾಯಕ್ಕೆ ತಂದದ್ದು ಇಥಿಯೋಪಿಯದಿಂದ ಉಗಾಂಡದವರೆಗಿನ ಎತ್ತರದ ನೆಲದಲ್ಲಿ. ಅಲ್ಲಿಂದ ಅದು ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ದೇಶಕ್ಕೆ ಬಂದಿತು. ಪ್ರತಿಯಾಗಿ, ಅಮೆರಿಕದಲ್ಲಿ ಹುಟ್ಟಿದ ಮೆಕ್ಕೆಜೋಳಕ್ಕೆ ಅವರು ‘ಮಹಿಂದಿ’ ಎಂದು ಹಿಂದೂದೇಶದ ಹೆಸರನ್ನಿಟ್ಟುಕೊಂಡಿದ್ದಾರೆ. ನಾವು ಅವರ ಕಾಳನ್ನುಂಡು ಅವರನ್ನು ಮರೆತೆವು. ಅವರು ನಮ್ಮದಲ್ಲದ ಕಾಳಿಗೂ ನಮ್ಮ ಹೆಸರನ್ನಿಟ್ಟು ನೆನೆದರು.

ಮರೆವೆಯ ಮಾತಾಡಿದೆನಲ್ಲ, ಅದರಲ್ಲಿ ಇನ್ನೊಂದಿದೆ. ಅದನ್ನು ನೆನೆದಾಗ ನನ್ನ ಮನಸ್ಸು ಭಾರವಾಗುತ್ತದೆ. ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ನನ್ನ ಮಗ್ಗುಲಿಗೆ ಕುಳಿತು ಮಗ್ಗಿ ಒಪ್ಪಿಸುತ್ತಿದ್ದವರಲ್ಲಿ ಇಬ್ಬರು ಸಿದ್ದಿ ಹುಡುಗರಿದ್ದರು. ಪೂರ್ವ ಆಫ್ರಿಕದಿಂದ ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ದಾಸರಾಗಿ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡುಗಳನ್ನು ಸೇರಿದವರ ಸಂತತಿ ಅವರದು. ಇಂದು ಅವರ ಮನೆಗಳಲ್ಲಿ ಕೊಂಕಣಿ, ಕನ್ನಡ, ಮರಾಠಿ, ಉರ್ದುಗಳು ಕೇಳಿಬರುತ್ತವೆ. ಪೂರ್ವಿಕರು ತಂದ ಬಾಂಟು ನುಡಿಗಳು ಮಾತಾಗಿ ಉಳಿದಿಲ್ಲ. ಆ ಹುಡುಗರು ಯಾವ ನಾಡಿನವರು, ಅವರ ಅಜ್ಜಂದಿರ ಅಜ್ಜಂದಿರು ಮಕ್ಕಳನ್ನು ಯಾವ ಮಾತಿನಲ್ಲಿ ಮುದ್ದಿಸುತ್ತಿದ್ದರು ಎಂಬ ಪ್ರಶ್ನೆಯನ್ನು ನಮ್ಮ ಶಾಲೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎರಡನೆಯ ವರ್ಷದ ರಜೆಯಲ್ಲಿ, ಒಳನಾಡಿನಿಂದ ದಂತವನ್ನೂ ದಾಸರನ್ನೂ ಸಾಗಿಸುತ್ತಿದ್ದ ದಾರಿಗಳು ಬಂದು ಮುಟ್ಟುತ್ತಿದ್ದ ಬಾಗಮೊಯೊ ಎಂಬ ಹಳೆಯ ರೇವುಪಟ್ಟಣಕ್ಕೆ ಹೋಗಿದ್ದೆನು. ಮರಳ ಮೇಲೆ ಮೀನಿನ ದೋಣಿಗಳು ಬಿದ್ದುಕೊಂಡಿದ್ದುವು; ಮಕ್ಕಳು ಚೆಂಡಾಡುತ್ತಿದ್ದರು. ಎದುರಿಗೆ ಹರಡಿದ್ದ ಸಮುದ್ರದ ಆಚೆಯ ತಡಿ ನಮ್ಮದೇ. ಒಂದು ನುಡಿಯನ್ನು ಕಳೆದುಕೊಳ್ಳುವುದಕ್ಕೆ ಎಷ್ಟು ನೀರು ದಾಟಬೇಕಾಗುತ್ತದೆ ಎಂದು ಅಲ್ಲಿ ಕುಳಿತು ಯೋಚಿಸಿದೆನು. ತರಗತಿಯ ಹೊಸ್ತಿಲನ್ನು ದಾಟಿದರೂ ಸಾಕಾಗುವುದುಂಟು.

ಮಸಾಲೆ ಎಲೆಯ ಆ ಭಾನುವಾರದ ತರುವಾಯ ನನ್ನ ಕರಿಹಲಗೆಯ ನಡುವೆ ಒಂದು ಗೆರೆ ಬಿದ್ದಿತು. ಎಡಕ್ಕೆ ಸ್ವಾಹಿಲಿ, ಬಲಕ್ಕೆ ಇಂಗ್ಲಿಷು. ಹೊಸ ಪಾಠಕ್ಕೆ ಮೊದಲು ಮಕ್ಕಳೇ ತಮಗೆ ತಿಳಿದುದನ್ನು ತಮ್ಮ ಮಾತಿನಲ್ಲಿ ಎಡಭಾಗದಲ್ಲಿ ಬರೆಯಬೇಕು. ನಾನು ಅದನ್ನು ಓದಿ, ತಿಳಿಯದ ಕಡೆ ಅವರಿಂದ ಕೇಳಿ ತಿಳಿದು, ಅನಂತರ ಬಲಭಾಗಕ್ಕೆ ದಾಟಿಸುವುದು. ಪರೀಕ್ಷೆ ಇಂಗ್ಲಿಷಿನಲ್ಲಿಯೇ ನಡೆಯುವುದಾದುದರಿಂದ ಬಲಭಾಗವನ್ನು ಕೈಬಿಡುವಂತಿರಲಿಲ್ಲ. ಪಾಠ ನಿಧಾನವಾಯಿತು, ಮೊದಲ ಅರ್ಧ ವರ್ಷ ಪಠ್ಯಕ್ರಮದಲ್ಲಿ ನಾನು ಹಿಂದೆ ಬಿದ್ದೆನು. ಆದರೆ ತರಗತಿಯಲ್ಲಿ ಪ್ರಶ್ನೆಗಳು ಹುಟ್ಟಿದುವು, ಅಸಮ್ಮತಿ ಹುಟ್ಟಿತು, ಹಿಂದಿನ ಸಾಲಿನವರು ಮುಂದಿನ ಸಾಲಿನವರನ್ನು ತಿದ್ದಿದರು. ನಾನು ಹೊಸತೇನನ್ನೂ ಕಂಡುಹಿಡಿದವನಲ್ಲ. ಜೀವಶಾಸ್ತ್ರದ ಆ ಉಪಾಧ್ಯಾಯಿನಿ ಯಾವ ಸದ್ದೂ ಇಲ್ಲದೆ ವರ್ಷಗಳಿಂದ ಮಾಡುತ್ತ ಬಂದದ್ದೇ ಇದು ಎಂಬುದು ಅನಂತರ ತಿಳಿಯಿತು. ಸಸ್ಯಗಳು ಬೆಳಕಿನಿಂದ ಆಹಾರವನ್ನು ಕಟ್ಟುವ ಕ್ರಿಯೆಗೆ ಸ್ವಾಹಿಲಿಯಲ್ಲಿ ‘ಉಸನಿಸಿನೂರು’ ಎಂದು ಹೆಸರೆಂದು ಅವರು ಹೇಳಿದರು. ಉಸನಿಸಿ ಎಂದರೆ ಕೂಡಿಸಿ ಕಟ್ಟುವುದು, ನೂರು ಎಂದರೆ ಬೆಳಕು. ನಮ್ಮ ‘ದ್ಯುತಿಸಂಶ್ಲೇಷಣೆ’ಯನ್ನು ನಾನು ಅವರಿಗೆ ಬಿಡಿಸಿ ಹೇಳಿದಾಗ, ಒಂದೇ ಅಳತೆಗೆ ಒಂದೇ ಕಡಲಿನ ಎರಡು ದಡಗಳಲ್ಲಿ ಎರಡು ಪದಗಳನ್ನು ಟಂಕಿಸಿದವರ ಶ್ರಮವನ್ನು ಕುರಿತು ಇಬ್ಬರೂ ಬಹಳ ಹೊತ್ತು ಮಾತಾಡಿದೆವು. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕನ್ನಡದಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದ್ದರೆಂದು ನಾನು ಹೇಳಿದುದನ್ನು ಅವರು ತಮ್ಮ ದಫ್ತರಿಯಲ್ಲಿ ಬರೆದುಕೊಂಡರು.

ಅವರಿಗೂ ನನಗೂ ಇದ್ದ ಅಂತರವನ್ನು ಮರೆಮಾಚುವುದು ತರವಲ್ಲ. ನಾನು ಎರಡು ವರ್ಷದ ಉಪಾಧ್ಯಾಯ. ಬಂದಾಗ ಸ್ವಾಗತದ ಹಾಡು, ಹೊರಟಾಗ ಬೀಳ್ಕೊಡುಗೆಯ ‘ಕಂಗ’ ವಸ್ತ್ರ, ಎರಡೂ ನನಗೆ ದೊರೆತವು. ‘ಮಸಿಕ’ ಮಳೆಯಲ್ಲಿ, ಎಂದರೆ ಮಾರ್ಚಿಯಿಂದ ಮೇ ತಿಂಗಳವರೆಗೆ ಸುರಿಯುವ ದೊಡ್ಡ ಮಳೆಯಲ್ಲಿ, ದಾರಿ ಕುಸಿದಾಗಲೂ ಕೆಸರು ತುಳಿದು ಬಂದು, ಯಾರ ಹಾಡೂ ಇಲ್ಲದೆ ಮೂವತ್ತು ವರ್ಷ ಕಲಿಸಿ ನಿವೃತ್ತಿಯಾಗತಕ್ಕವರು ಅವರು. ದೂರದಿಂದ ಬಂದವನಿಗೆ ಲೋಕವು ಕೊಡುವ ಕೀರ್ತಿಯ ಹತ್ತರಲ್ಲೊಂದಂಶ ಅಲ್ಲಿಯೇ ಇರುವವರಿಗೆ ಸಲ್ಲುವಂತಾದರೆ ನನ್ನಂಥವರ ಅಗತ್ಯವೇ ಕಡಿಮೆಯಾದೀತೆಂದು ನನಗೆ ತೋರುತ್ತದೆ.

ನಾನು ಊರಿಗೆ ಮರಳಿದ ಮೇಲೆ ಗುದ್ದಲಿ ಮಸೆದ ಆ ಹುಡುಗ ಆಗೊಮ್ಮೆ ಈಗೊಮ್ಮೆ ಅಣ್ಣನ ಫೋನಿನಿಂದ ನನಗೆ ಬರೆಯುತ್ತಾನೆ. ಬರೆಹ ಯಾವಾಗಲೂ ಶಿಕಮೂ ಎಂಬಲ್ಲಿಂದ ಮೊದಲು. ನಾಲ್ಕನೆಯ ಫಾರಂನ ಪರೀಕ್ಷೆಗೆ ಓದುತ್ತಿರುವ ಅವನು ಮೊನ್ನೆ, ‘ಇನರ್ಷಿಯ’ಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿದ್ದನು. ‘ಜಡತ್ವ’ವೆಂದು ಬರೆದು, ಜಡವೆಂದರೆ ತಾನಾಗಿ ಅಲುಗದ್ದು ಎಂದು ವಿವರಿಸಿ, ನಿಮ್ಮ ಅಜ್ಜಿಯ ಚಗ್ಗ ನುಡಿಯಲ್ಲಿ ಅಂಥದಕ್ಕೆ ಏನು ಮಾತಿದೆ ಎಂದು ನಾನು ಕೇಳಿದೆನು. ಬಹಳ ಹೊತ್ತು ಉತ್ತರವಿರಲಿಲ್ಲ. ರಾತ್ರಿ, ಅವರ ಲೆಕ್ಕದಲ್ಲಿ ಎರಡು ಗಂಟೆಗೆ, ಒಂದು ಸಾಲು ಬಂದಿತು: ಇವತ್ತು ಕಾಲುವೆಯ ಸರದಿ ನಮ್ಮ ಮನೆಯದು, ಅಜ್ಜಿ ತೋಟದಲ್ಲಿದ್ದಾಳೆ, ನಾಳೆ ಕೇಳಿ ಬರೆಯುತ್ತೇನೆ.